ಸಿಎಸ್‌ಆರ್ ಎಂದರೆ ಬರೀ ದುಡ್ಡಲ್ಲ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಶಾಲೆಯ ಮಾಡು ಸೋರಿದರೂ ಆಸ್ಪತ್ರೆಗೆ ಆಂಬುಲೆನ್ಸ್ ಬೇಕಾದರೂ ‘ಸಿಎಸ್‌ಆರ್ ಫಂಡ್ ಸಿಗುತ್ತದೆಯೇ ನೋಡಿ’ ಎನ್ನುವವರಿದ್ದಾರೆ. ಆದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಈ ಹಣದ ಕಾನೂನಿನ ಬಗ್ಗೆಯೂ, ಅದರಲ್ಲಿ ಕಂಪನಿಯ ಮಾನವ ಸಂಪನ್ಮೂಲ (ಎಚ್‌ಆರ್) ವಿಭಾಗಕ್ಕಿರುವ ಪಾತ್ರದ ಬಗ್ಗೆಯೂ ತಪ್ಪು ತಿಳಿವಳಿಕೆ ಸಾಕಷ್ಟಿದೆ.

ತಪ್ಪು ಕಲ್ಪನೆ 1: ಎಲ್ಲ ಕಂಪನಿ, ಬ್ಯಾಂಕುಗಳೂ ಲಾಭದ ಶೇ 2ರಷ್ಟು ಕೊಡಲೇಬೇಕು.

ಸತ್ಯ: 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ ₹500 ಕೋಟಿ ನಿವ್ವಳ ಮೌಲ್ಯ, ₹1,000 ಕೋಟಿ ವಹಿವಾಟು ಅಥವಾ ₹5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನಾದರೂ ಮುಟ್ಟಿದ ಕಂಪನಿಗಳಿಗೆ ಮಾತ್ರ ಅದು ಅನ್ವಯ. ಶೇ 2 ಎಂದರೆ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಮೇಲಿನ ಲೆಕ್ಕ. ಕರಾವಳಿಯ ಸಣ್ಣ ಗೇರುಬೀಜ ಘಟಕ, ಐಸ್ ಪ್ಲಾಂಟ್‌ಗಳು ಇದರಲ್ಲಿ ಬರುವುದಿಲ್ಲ. ಕರ್ಣಾಟಕ ಬ್ಯಾಂಕ್ ಕಂಪನಿ, ಹಾಗಾಗಿ ಅದಕ್ಕೆ ಈ ಕಾಯ್ದೆ ಅನ್ವಯ. ಕೆನರಾ ಬ್ಯಾಂಕ್ ಪ್ರತ್ಯೇಕ ಕಾನೂನಿನಡಿ ರಾಷ್ಟ್ರೀಕರಣಗೊಂಡದ್ದು. ಈ ಸೆಕ್ಷನ್ ಅದನ್ನು ಕಟ್ಟಿಹಾಕುವುದಿಲ್ಲ. ಈ ಮೂರೂ ತಾಲೂಕುಗಳಲ್ಲಿ ಹಾದುಹೋಗುವ ಕೊಂಕಣ ರೈಲ್ವೆ, ಗೇರುಸೊಪ್ಪೆಯಲ್ಲಿ ವಿದ್ಯುತ್ ಉತ್ಪಾದಿಸುವ ಕರ್ನಾಟಕ ವಿದ್ಯುತ್ ನಿಗಮ ಸರ್ಕಾರಿ ಕಂಪನಿಗಳು. ಮಿತಿ ಮುಟ್ಟಿದರೆ ಸರ್ಕಾರದ್ದೆಂಬ ಕಾರಣಕ್ಕೆ ಅವಕ್ಕೆ ವಿನಾಯಿತಿ ಇಲ್ಲ.

ತಪ್ಪು ಕಲ್ಪನೆ 2: ಎಚ್‌ಆರ್ ಮ್ಯಾನೇಜರ್ ಮನಸ್ಸು ಮಾಡಿದರೆ ಹಣ ಬರುತ್ತದೆ.

ಸತ್ಯ: ಹಣ ಮಂಜೂರು ಮಾಡುವುದು ನಿರ್ದೇಶಕ ಮಂಡಳಿ. ವಾರ್ಷಿಕ ಬಾಧ್ಯತೆ ₹50 ಲಕ್ಷ ಮೀರಿದರೆ ಮಂಡಳಿಯ ಸಿಎಸ್‌ಆರ್ ಸಮಿತಿ ಯೋಜನೆಗಳನ್ನು ಶಿಫಾರಸು ಮಾಡುತ್ತದೆ. ಎಚ್‌ಆರ್ ಕೆಲಸ ಬೇರೆ: ಯೋಜನೆಗೆ ತಕ್ಕ ಜನರನ್ನು ಹುಡುಕುವುದು, ಅವರಿಗೆ ತರಬೇತಿ ಮತ್ತು ಬಿಡುವು ಕೊಡಿಸುವುದು, ಒಬ್ಬರು ವರ್ಗವಾಗಿ ಹೋದರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು. ಹಣ ಬಂದೂ ಎಷ್ಟೋ ಯೋಜನೆಗಳು ಸೊರಗುವುದು ಈ ಕೆಲಸ ಆಗದೇ ಇದ್ದಾಗ.

ತಪ್ಪು ಕಲ್ಪನೆ 3: ನೌಕರರು ಒಂದು ದಿನ ಗಿಡ ನೆಟ್ಟು ಫೋಟೊ ತೆಗೆಸಿಕೊಂಡರೆ ಸಿಎಸ್‌ಆರ್ ಮುಗಿಯಿತು.

ಸತ್ಯ: ಮ್ಯಾರಥಾನ್, ಪ್ರಶಸ್ತಿ, ಪ್ರಾಯೋಜಕತ್ವದಂಥ ಒಂದು ದಿನದ ಕಾರ್ಯಕ್ರಮಗಳು ಸಿಎಸ್‌ಆರ್ ಅಲ್ಲವೆಂದು ಕೇಂದ್ರ ಸರ್ಕಾರ 2014ರಲ್ಲೇ ಹೇಳಿದೆ. ಸ್ವಯಂಸೇವೆಗೆ ನೌಕರರು ಕೊಟ್ಟ ಸಮಯಕ್ಕೆ ಬೆಲೆ ಕಟ್ಟಿ ಖರ್ಚಿನ ಲೆಕ್ಕದಲ್ಲಿ ತೋರಿಸುವಂತೆಯೂ ಇಲ್ಲ. ಹಾಗೆಂದು ಸ್ವಯಂಸೇವೆ ವ್ಯರ್ಥವಲ್ಲ. ಉದಾಹರಣೆಗೆ, ಕುಮಟಾದ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಅಂದರೆ ರಾಮ್ಸಾರ್ ತಾಣವೆಂದು ಘೋಷಣೆಯಾಯಿತು. ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಬೆಳೆಸಬೇಕಾದರೆ ಯಾವ ಜಾಗಕ್ಕೆ ಎಷ್ಟು ಭರತದ ನೀರು ಬರುತ್ತದೆ, ಯಾವ ಸಸಿ ನಿಲ್ಲುತ್ತದೆ ಎಂಬುದು ಗೊತ್ತಿರಬೇಕು. ಅದು ಗೊತ್ತಿರುವುದು ಚಿಪ್ಪಿಕಲ್ಲು ಹೆಕ್ಕುವವರಿಗೆ, ಮೀನುಗಾರರಿಗೆ, ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರಿಗೆ. ನೌಕರರನ್ನು ಮೊದಲು ಅವರ ಮಾತು ಕೇಳಲು ಕಳಿಸುವ ಎಚ್‌ಆರ್ ವಿಭಾಗವೇ ನಿಜವಾಗಿ ಕೆಲಸ ಮಾಡಿದಂತೆ. ಲೆಕ್ಕಪತ್ರ ಬಲ್ಲ ನೌಕರ ಮಹಿಳಾ ಸ್ವಸಹಾಯ ಸಂಘಕ್ಕೆ ವರ್ಷವಿಡೀ ನೆರವಾದರೆ ಅದರ ಫಲ ಒಂದು ದಿನದ ಶಿಬಿರಕ್ಕಿಂತ ದೊಡ್ಡದು.

ತಪ್ಪು ಕಲ್ಪನೆ 4: ಸ್ವಂತ ನೌಕರರ ಕಲ್ಯಾಣವೂ ಸಿಎಸ್‌ಆರ್.

ಸತ್ಯ: ಕಂಪನಿಯ ನೌಕರರಿಗೆ ಪ್ರಯೋಜನವಾಗುವ ಚಟುವಟಿಕೆಗಳನ್ನು ನಿಯಮಗಳೇ ಹೊರಗಿಟ್ಟಿವೆ. ಸಂಬಳ, ಸುರಕ್ಷತೆ, ಭವಿಷ್ಯ ನಿಧಿ (ಪಿಎಫ್) ದಾನವಲ್ಲ, ನೌಕರರ ಹಕ್ಕು. ಸಿಎಸ್‌ಆರ್ ಮಿತಿಗೆ ಬಾರದ ಸಣ್ಣ ಸಂಸ್ಥೆಗೂ ಈ ಹೊಣೆ ತಪ್ಪುವುದಿಲ್ಲ. 10 ನೌಕರರಿದ್ದರೆ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಗುತ್ತಿಗೆ ಕಾರ್ಮಿಕರಿಗೆ ಪಿಎಫ್ ಕಟ್ಟದೆ ಊರ ಶಾಲೆಗೆ ಬೆಂಚು ಕೊಟ್ಟ ಕಂಪನಿಯನ್ನು ಜವಾಬ್ದಾರಿಯುತ ಎನ್ನಲಾಗದು. ಹೊಣೆಗಾರಿಕೆ ಗೇಟಿನ ಒಳಗಿಂದಲೇ ಶುರುವಾಗಬೇಕು. ಅದನ್ನು ಕಾಯಬೇಕಾದದ್ದು ಎಚ್‌ಆರ್.

ತಪ್ಪು ಕಲ್ಪನೆ 5: ನಮ್ಮಲ್ಲಿ ದೊಡ್ಡ ಕಾರ್ಖಾನೆ ಇಲ್ಲ, ವಶೀಲಿಯೂ ಇಲ್ಲ, ಸಿಎಸ್‌ಆರ್ ನಮಗಲ್ಲ.

ಸತ್ಯ: ತಾನು ಕೆಲಸ ನಡೆಸುವ ಪ್ರದೇಶಕ್ಕೆ ಕಂಪನಿ ಆದ್ಯತೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ, ಬೇರೆ ಊರಿಗೆ ಕೊಡಬಾರದೆಂದಲ್ಲ. ಈ ಹಣ ಬಳಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಶಿಕ್ಷಣ, ಆರೋಗ್ಯದ ಜತೆ ಪರಿಸರ, ವೃತ್ತಿ ಕೌಶಲ, ಸಾಂಪ್ರದಾಯಿಕ ಕಲೆಯೂ ಇವೆ. ಕೆರೆಮನೆ ಮೇಳದ ತವರಾದ ಹೊನ್ನಾವರದಲ್ಲಿ ಯಕ್ಷಗಾನ ಕಲಿಸುವುದಕ್ಕೂ ದಾರಿಯಿದೆ. ಆದರೆ ಅರ್ಜಿ ಹಾಕುವ ಟ್ರಸ್ಟ್ ಅಥವಾ ಸಂಘಕ್ಕೆ ಆದಾಯ ತೆರಿಗೆಯ 12ಎ ಮತ್ತು 80ಜಿ ನೋಂದಣಿ, ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಬೇಕು. 2021ರ ಏಪ್ರಿಲ್ 1ರಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿಯೂ ಕಡ್ಡಾಯ. ಶಿಫಾರಸು ಪತ್ರ ಇವುಗಳ ಬದಲಿಗೆ ನಡೆಯುವುದಿಲ್ಲ.

ನಮ್ಮೂರ ಸಂಘ-ಸಂಸ್ಥೆಗಳು ಮೊದಲು ಕಾಗದಪತ್ರ ಸರಿಮಾಡಿಕೊಳ್ಳಲಿ, ಲೆಕ್ಕ ಚೊಕ್ಕವಾಗಿಡಲಿ. ಬೆಂಗಳೂರು, ಮಂಗಳೂರು, ಮುಂಬೈಗಳ ದೊಡ್ಡ ಕಂಪನಿಗಳಲ್ಲಿರುವ ಭಟ್ಕಳ, ಹೊನ್ನಾವರ, ಕುಮಟಾದವರು ತಮ್ಮ ಎಚ್‌ಆರ್ ವಿಭಾಗಕ್ಕೆ ಊರಿನ ಅಗತ್ಯವನ್ನು ವಿವರವಾಗಿ ಬರೆದುಕೊಡಲಿ. ಹಣ ಕೊಡುವುದು ಮಂಡಳಿಯಾದರೂ ಊರನ್ನು ಬಲ್ಲ ನೌಕರನ ಮಾತು ಅಲ್ಲಿಗೆ ತಲುಪದೆ ಒಳ್ಳೆಯ ಯೋಜನೆ ಹುಟ್ಟುವುದಿಲ್ಲ.