ಮೆರಾಪಿ: ಜ್ವಾಲಾಮುಖಿ ವಿಜ್ಞಾನ ಮತ್ತು ಜನರ ನಂಬಿಕೆ

ಜ್ವಾಲಾಮುಖಿಗಳ ಅಧ್ಯಯನವನ್ನು ಸಾಮಾನ್ಯವಾಗಿ ಭೂವಿಜ್ಞಾನದ ಒಂದು ಶಾಖೆಯೆಂದು ಮಾತ್ರ ಪರಿಗಣಿಸಲಾಗುತ್ತದೆ. ಆದರೆ ಬೆಟ್ಟದ ತಪ್ಪಲಿನ ಜನರ ಪ್ರಾಣರಕ್ಷಣೆಯೇ ಅದರ ಗುರಿಯಾದಾಗ ಆ ಜನರ ನಂಬಿಕೆ, ಆಚರಣೆಗಳೂ ಅಧ್ಯಯನದ ವಸ್ತುವಾಗಬೇಕಾಗುತ್ತದೆ. ಇಂಡೋನೇಷ್ಯಾದ ಜಾವಾ ದ್ವೀಪದ ಮೆರಾಪಿ ಇದಕ್ಕೆ ಸ್ಪಷ್ಟ ನಿದರ್ಶನ.

1919ರಲ್ಲಿ ಜಾವಾದ ಕೆಲುದ್ ಜ್ವಾಲಾಮುಖಿ ಸ್ಫೋಟಿಸಿದಾಗ ಅದರ ಕುಂಡದಲ್ಲಿದ್ದ ಸರೋವರದ ನೀರು ಕೆಸರಿನ ಪ್ರವಾಹವಾಗಿ ಹರಿದು ಸುಮಾರು 5,000 ಜನರು ಮಡಿದರು. ಮರುವರ್ಷ ಡಚ್ ವಸಾಹತು ಆಡಳಿತವು ಜ್ವಾಲಾಮುಖಿಗಳ ವೀಕ್ಷಣೆಗೆಂದೇ ಪ್ರತ್ಯೇಕ ಸಂಸ್ಥೆಯನ್ನು ಆರಂಭಿಸಿತು. ಶಿಲಾಪಾಕವು ಮೇಲೇರುವಾಗ ಬಂಡೆಗಳು ಬಿರಿದು ಸಣ್ಣ ಕಂಪನಗಳುಂಟಾಗುತ್ತವೆ, ಇಳಿಜಾರು ಉಬ್ಬುತ್ತದೆ, ಗಂಧಕದ ಡೈಆಕ್ಸೈಡ್ ಅನಿಲದ ಪ್ರಮಾಣ ಹೆಚ್ಚುತ್ತದೆ. ಈ ಲಕ್ಷಣಗಳನ್ನು ಒಟ್ಟಾಗಿ ಪರಿಶೀಲಿಸುವುದೇ ಮುನ್ಸೂಚನೆಯ ಆಧಾರ.

ತಪ್ಪಲಿನ ಜನರಿಗಾದರೋ ಮೆರಾಪಿ ಅದೃಶ್ಯ ಶಕ್ತಿಗಳ ಅರಮನೆ. ಯೋಗ್ಯಕರ್ತದ ಅರಸುಮನೆತನವು ಪ್ರತಿವರ್ಷ ‘ಲಬುಹಾನ್’ ಆಚರಣೆಯಲ್ಲಿ ಅದಕ್ಕೆ ಕಾಣಿಕೆ ಸಲ್ಲಿಸುತ್ತದೆ. ಅದನ್ನು ನಡೆಸಿಕೊಡಲು ‘ಜುರು ಕುಂಚಿ’ ಎಂಬ ಬೀಗದ ಕಾವಲುಗಾರನನ್ನು ನೇಮಿಸುತ್ತದೆ. ಇಳಿಜಾರಿನಲ್ಲಿ ಧಾವಿಸಿ ಬರುವ ಸುಡುವ ಅನಿಲ ಮತ್ತು ಬೂದಿಯ ಮೋಡವನ್ನು ಜನರು ‘ವೆದುಸ್ ಗೆಂಬೆಲ್’, ಅಂದರೆ ಉಣ್ಣೆ ಕೆದರಿದ ಕುರಿ, ಎಂದು ಕರೆಯುತ್ತಾರೆ. ಸುರುಳಿಸುರುಳಿಯಾಗಿ ಉರುಳುವ ಆ ಮೋಡದ ರೂಪವನ್ನು ಈ ಹೆಸರು ಯಥಾವತ್ತಾಗಿ ಹಿಡಿದಿಟ್ಟಿದೆ. ನಂಬಿಕೆಯ ಜೊತೆಗೆ ಸೂಕ್ಷ್ಮ ವೀಕ್ಷಣೆಯೂ ಇಲ್ಲಿದೆಯೆಂಬುದು ಗಮನಾರ್ಹ.

2006ರ ಸ್ಫೋಟದ ವೇಳೆ ಕಾವಲುಗಾರ ಮ್ಬಾ ಮರಿಜನ್ ಸ್ಥಳಾಂತರದ ಆದೇಶವನ್ನು ನಿರಾಕರಿಸಿ ಊರಿನಲ್ಲಿಯೇ ಉಳಿದರು; ಬದುಕಿಯೂ ಉಳಿದರು. ಅವರ ಕೀರ್ತಿ ದೇಶದಾದ್ಯಂತ ಹರಡಿತು. 2010ರ ಅಕ್ಟೋಬರ್ 25ರಂದು ವಿಜ್ಞಾನಿಗಳು ಅತ್ಯುನ್ನತ ಹಂತದ ಎಚ್ಚರಿಕೆ ನೀಡಿದರು. ಮರುದಿನವೇ ಬಿಸಿಮೋಡವು ಅವರ ಊರನ್ನು ಆವರಿಸಿತು. ಮರಿಜನ್ ಹಾಗೂ ಅಲ್ಲಿ ಉಳಿದಿದ್ದ ಹಲವರು ಅಸುನೀಗಿದರು. ನವೆಂಬರ್ 5ರಂದು ಇನ್ನೂ ಭೀಕರವಾದ ಸ್ಫೋಟ ಸಂಭವಿಸಿತು. ಒಟ್ಟು 350ಕ್ಕೂ ಹೆಚ್ಚು ಜನರು ಸತ್ತರು. ಆದರೆ ಮುನ್ಸೂಚನೆ ಮತ್ತು ಸ್ಥಳಾಂತರದಿಂದ 10,000ದಿಂದ 20,000 ಜೀವಗಳು ಉಳಿದವೆಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ.

ಇದನ್ನು ಮೌಢ್ಯದ ಮೇಲೆ ವಿಜ್ಞಾನದ ಗೆಲುವೆಂದು ಮಾತ್ರ ವ್ಯಾಖ್ಯಾನಿಸುವುದು ಸರಳೀಕರಣವಾಗುತ್ತದೆ. ಮುನ್ಸೂಚನೆಯು ಸಂಭವನೀಯತೆಯ ಮಾತು; ಒಮ್ಮೆ ಅಪಾಯ ಸಂಭವಿಸದಿದ್ದರೆ ಜನರು ಅದನ್ನು ಹುಸಿಯೆಂದೇ ಗ್ರಹಿಸುತ್ತಾರೆ. 2006ರಲ್ಲಿ ಉಳಿದ ಜೀವವೇ 2010ರಲ್ಲಿ ಉಳಿದುಕೊಂಡವರಿಗೆ ಧೈರ್ಯದ ಆಧಾರವಾಗಿದ್ದಿರಬಹುದು. ಆದ್ದರಿಂದ ಯಂತ್ರಗಳು ನೀಡುವ ಸೂಚನೆಯಷ್ಟೇ ಅದನ್ನು ಯಾರು, ಯಾವ ಮಾತಿನಲ್ಲಿ ತಲುಪಿಸುತ್ತಾರೆಂಬುದೂ ಮುಖ್ಯ. ಊರು ಯಾರ ಮಾತನ್ನು ನಂಬುತ್ತದೆಯೆಂಬುದನ್ನು ಬೆಟ್ಟ ಶಾಂತವಾಗಿರುವಾಗಲೇ ಅರಿತಿರಬೇಕು. ಜಾನಪದ ಅಧ್ಯಯನವು ಜ್ವಾಲಾಮುಖಿ ವಿಜ್ಞಾನಕ್ಕೆ ನೆರವಾಗಬಲ್ಲುದು ಈ ನೆಲೆಯಲ್ಲಿಯೇ.