ಗುರುಪೀಠಕ್ಕೆ ವಯೋಮಿತಿ ಬಂದ ಬಗೆ

ಸರ್ಕಾರಿ ಹುದ್ದೆಗೆ ಸೇರುವವನಿಗೆ 18 ವರ್ಷ ತುಂಬಿರಬೇಕೆಂದು ಕರ್ನಾಟಕ ಸಿವಿಲ್ ಸೇವೆಗಳ ಸಾಮಾನ್ಯ ನೇಮಕಾತಿ ನಿಯಮಗಳು 1977ರಲ್ಲಿ ವಿಧಿಸಿದುವು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಶಾಲೆಗಳಲ್ಲಿ ಇಂದು ಯಾರೂ ಪ್ರಶ್ನಿಸದ ಈ ಮಾತು ನಮಗೆ ಅನಾದಿಯೆಂಬಂತೆ ತೋರಿದರೂ, ಮಕ್ಕಳಿಗೆ ಪಾಠ ಹೇಳುವವನು ತಾನು ಮಗುವಾಗಿರಬಾರದೆಂಬ ವಿವೇಕವು ಲೋಕದಲ್ಲಿ ನೆಲೆಗೊಂಡುದು ಬಹು ನಿಧಾನವಾಗಿ.

ಕೂಲಿಮಠಗಳ ಕಾಲದಲ್ಲಿ ಐಗಳು ಒಬ್ಬರೇ ಇದ್ದು, ಮರಳಿನ ಮೇಲೆ ಅಕ್ಷರ ತಿದ್ದುವ ಕಿರಿಯರಿಗೆ ಮಗ್ಗಿ ಹೇಳಿಕೊಡುವ ಭಾರವು ಮುಂದುವರಿದ ಹಿರಿಯ ಹುಡುಗರ ಮೇಲೆ ಬೀಳುತ್ತಿದ್ದಿತು. ಇಂಥದೇ ದೇಶೀಯ ರೂಢಿಯನ್ನು ಕಂಡು, ಅದನ್ನು ಮದರಾಸಿನ ಅನಾಥಾಲಯದಲ್ಲಿ ಅಳವಡಿಸಿದ ಆಂಡ್ರ್ಯೂ ಬೆಲ್ಲನು 1797ರಲ್ಲಿ ಲಂಡನ್ನಿನಲ್ಲಿ ಅದರ ವೃತ್ತಾಂತವನ್ನು ಪ್ರಕಟಿಸಲಾಗಿ, ಅದು ಮಾನಿಟರ್ ಪದ್ಧತಿಯೆಂಬ ಹೆಸರಿನಿಂದ ಇಂಗ್ಲೆಂಡಿನಲ್ಲಿ ಹಬ್ಬಿತು. 1846ರಲ್ಲಿ ಅಲ್ಲಿನ ಸರ್ಕಾರವೇ 13 ವರ್ಷದವರನ್ನು ಐದು ವರ್ಷಗಳ ಅವಧಿಗೆ ವಿದ್ಯಾರ್ಥಿ-ಉಪಾಧ್ಯಾಯರನ್ನಾಗಿ ನಿಯಮಿಸಿಕೊಳ್ಳತೊಡಗಿತು. ಕನಿಷ್ಠ ವಯಸ್ಸೆಂಬುದೊಂದು ಅಲ್ಲಿ ಇದ್ದಿತು. ಆದರೆ ಅದು ಬಾಲ್ಯದ ಎಲ್ಲೆಯೊಳಗೇ ಇದ್ದಿತು.

ಮೈಸೂರು ಸೀಮೆಯಲ್ಲಿ ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು 1868ರಲ್ಲಿ ರೂಪಿಸಿದವನು ಬಿ. ಎಲ್. ರೈಸ್. ದುರ್ಗದ ಸೀಮೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ 11ನೆಯ ಸಂಪುಟದಲ್ಲಿ ಸಂಗ್ರಹಿಸಿಕೊಟ್ಟ ಈ ವಿದ್ವಾಂಸನಿಗೆ, ಶಾಲೆ ತೆರೆಯುವುದಕ್ಕಿಂತ ಮೇಷ್ಟ್ರನ್ನು ಸಿದ್ಧಪಡಿಸುವುದೇ ಕಠಿನವೆಂಬುದು ತಿಳಿದಿದ್ದಿತು, ಅದಕ್ಕಾಗಿಯೇ ನಾರ್ಮಲ್ ಶಾಲೆಗಳು ಬಂದುವು. ಆದರೂ ಕನ್ನಡ ಲೋವರ್ ಸೆಕೆಂಡರಿ ಮುಗಿಸಿದ ಎಳೆಯ ತರುಣರು ನೇರವಾಗಿ ಮೇಷ್ಟ್ರಾಗುವುದು ಬಹುಕಾಲ ನಡೆದುಬಂದಿತು.

1875ರ ಪ್ರಾಪ್ತವಯಸ್ಕತೆಯ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ 18ನ್ನು ಗೊತ್ತುಮಾಡಿದ ಮೇಲೆ ಆ ಅಂಕಿಗೆ ಒಂದು ಘನತೆ ಒದಗಿತು. ಆದರೆ ಹುಡುಗನನ್ನು ಗುರುಪೀಠದಿಂದ ದೂರವಿರಿಸಿದುದು ಅಂಕಿಗಿಂತಲೂ ಶಿಕ್ಷಣದ ಸೋಪಾನವೇ ಎಂದು ನಾನು ನಂಬುತ್ತೇನೆ. ಎಸ್ಸೆಸ್ಸೆಲ್ಸಿಯ ತರುವಾಯ ಟಿಸಿಎಚ್ ಮುಗಿಸಿ ಹದಿನೆಂಟರ ಹೊಸ್ತಿಲಲ್ಲೇ ಉಪಾಧ್ಯಾಯನಾಗಬಹುದಾಗಿದ್ದ ಕಾಲವು ಹೋಗಿ, ಪಿಯುಸಿ, ಅದರ ಮೇಲೆ ಎರಡು ವರ್ಷಗಳ ಡಿಪ್ಲೊಮಾ, 2010ರ ಅನಂತರ ಅರ್ಹತಾ ಪರೀಕ್ಷೆಯಾದ ಟಿಇಟಿ ಇವೆಲ್ಲ ಸೇರಿದ ಮೇಲೆ, ಆರು ವರ್ಷ ತುಂಬಿ ಶಾಲೆಗೆ ಸೇರಿದವನಿಗೆ ಇಪ್ಪತ್ತು ತುಂಬದೆ ಆ ಬಾಗಿಲು ತೆರೆಯದು.

ವಯಸ್ಸಿನ ನಿಯಮಕ್ಕೆ ವಯಸ್ಸು ತಿಳಿದಿರಬೇಕಷ್ಟೆ. ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದು, ಜನನವನ್ನು ನೋಂದಾಯಿಸುವ ಅಭ್ಯಾಸ ವಿರಳವಾಗಿದ್ದ ಹಳ್ಳಿಗಳಲ್ಲಿ, ದಾಖಲಾತಿಯ ದಿವಸ ಮುಖ್ಯೋಪಾಧ್ಯಾಯರು ಅಂದಾಜಿನಿಂದ ಬರೆದ ಜೂನ್ 1 ಎಷ್ಟೋ ಮಂದಿಗೆ ಜನ್ಮದಿನವಾಯಿತು. 1974ರಲ್ಲಿ ರಾಜ್ಯ ನೌಕರರ ವಯೋನಿರ್ಣಯ ಕಾಯಿದೆ ಬಂದು, ಸೇವಾಪುಸ್ತಕದಲ್ಲಿ ದಾಖಲಾದ ಜನ್ಮದಿನಾಂಕವನ್ನು ಮೂರು ವರ್ಷಗಳ ಬಳಿಕ ತಿದ್ದಲಾಗದಂತೆ ಮಾಡಲಾಗಿ, ಆ ಅಂದಾಜೇ ನೇಮಕಕ್ಕೂ ನಿವೃತ್ತಿಗೂ ಪ್ರಮಾಣವಾಗಿ ನಿಂತಿತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಆಧಾರವೆಂದು ಜನನ ನೋಂದಣಿಯ ಕೇಂದ್ರ ಕಾಯಿದೆಗೆ ಬಂದ ತಿದ್ದುಪಡಿ ಹೇಳಿರುವುದು ಸ್ವಾಗತಾರ್ಹ.

ಇಷ್ಟೆಲ್ಲ ಆದರೂ ನನ್ನ ಮನಸ್ಸನ್ನು ಕಾಡುವ ವಿಷಯ ಬೇರೆಯದೇ ಇದೆ. ಏಕೋಪಾಧ್ಯಾಯ ಶಾಲೆಯಲ್ಲಿ ಮೇಷ್ಟ್ರು ಸಭೆಗೋ ಗಣತಿಗೋ ಹೋದ ದಿವಸ ಐದನೆಯ ತರಗತಿಯ ಹುಡುಗಿಯೊಬ್ಬಳು ಒಂದನೆಯ ತರಗತಿಗೆ ಕಾಗುಣಿತ ಹೇಳಿಕೊಡುತ್ತ ಕುಳಿತುಕೊಳ್ಳುತ್ತಾಳೆ. ಅವಳ ಕಲಿಕೆಯ ಆ ದಿನವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಈ ನಾಲ್ಕು ತಾಲ್ಲೂಕುಗಳ ಎಸ್‌ಡಿಎಂಸಿ ಸದಸ್ಯರು ತಮ್ಮೂರ ಶಾಲೆಯಲ್ಲಿ ಒಬ್ಬರೇ ಶಿಕ್ಷಕರಿದ್ದರೆ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತವಾಗಿ ಎರಡನೆಯವರನ್ನು ಕೇಳಬೇಕು. ಸಿಗುವವರೆಗೂ ಕೇಳುತ್ತಲೇ ಇರಬೇಕು.