ವಿಕೇಂದ್ರಿತ ವಿಡಿಯೊ ವೇದಿಕೆಗಳೂ ನೋಟಕರ ಕಾಣಿಕೆಯೂ

ಕರಾವಳಿಯ ಯಕ್ಷಗಾನದಲ್ಲಿ ಹರಕೆಯ ಆಟಕ್ಕೆ ಸೇವಾಕರ್ತನೊಬ್ಬನು ವೆಚ್ಚವನ್ನೆಲ್ಲ ಹೊರುತ್ತಾನೆ. ಊರವರು ಬಯಲಿನಲ್ಲಿ ಕುಳಿತು ಬಿಟ್ಟಿಯಾಗಿ ನೋಡುತ್ತಾರೆ. ಡೇರೆ ಮೇಳದ ಆಟಕ್ಕಾದರೋ ಟಿಕೇಟು ಕೊಳ್ಳಬೇಕು. ಎರಡರಲ್ಲಿಯೂ ಕಲಾವಿದನ ಸಂಬಳದ ಮೂಲ ಸ್ಪಷ್ಟವಾಗಿದೆ. ಸೇವಾಕರ್ತನೂ ಇಲ್ಲ, ಡೇರೆಯೂ ಇಲ್ಲ, ನೋಟಕರೇ ಮೆಚ್ಚಿ ಕೊಡಲಿ ಎಂದರೆ ಏನಾದೀತು? ವಿಕೇಂದ್ರಿತ ವಿಡಿಯೊ ವೇದಿಕೆಗಳು ಕೈಗೊಂಡಿದ್ದು ಇಂಥ ಪ್ರಯೋಗವನ್ನು.

ಯೂಟ್ಯೂಬು ಹರಕೆಯ ಆಟದ ಜಾತಿಗೆ ಸೇರಿದ್ದು. ಅಲ್ಲಿ ಜಾಹೀರಾತುದಾರನೇ ಸೇವಾಕರ್ತ. ದೀರ್ಘ ವಿಡಿಯೊಗಳ ಜಾಹೀರಾತಿನ ಆದಾಯದಲ್ಲಿ ನಿರ್ಮಾಪಕನಿಗೆ ಶೇ. 55, ಸಂಸ್ಥೆಗೆ ಶೇ. 45 ಸಲ್ಲುತ್ತದೆ. ಈ ಒಡೆತನದ ಹಿಡಿತಕ್ಕೆ ಬೇಸತ್ತವರು ಒಬ್ಬನೇ ಒಡೆಯನಿಲ್ಲದ ವೇದಿಕೆಗಳನ್ನು ಕಟ್ಟಿದರು. ಅಲ್ಲಿ ದುಡಿದ ನಿರ್ಮಾಪಕರಲ್ಲಿ ಅನೇಕರ ದೂರು ಒಂದೇ: ನೋಟಕರು ನೋಡುತ್ತಾರೆ, ಕೊಡುವುದಿಲ್ಲ. ಇದನ್ನು ನೋಟಕರ ಜಿಪುಣತನವೆಂದು ತಳ್ಳಿಹಾಕುವುದು ಸುಲಭ. ಆದರೆ ಕೊಡುವ ದಾರಿ ಹೇಗಿತ್ತೆಂಬುದನ್ನು ಮೊದಲು ಪರಿಶೀಲಿಸಬೇಕು.

2017ರಲ್ಲಿ ತೊಡಗಿದ ಡಿಟ್ಯೂಬ್, ಸ್ಟೀಮ್ ಎಂಬ ಬ್ಲಾಕ್‌ಚೈನನ್ನು, ಅಂದರೆ ಹಲವು ಗಣಕಗಳು ಕೂಡಿ ಕಾಯುವ ಲೆಕ್ಕಪುಸ್ತಕವೊಂದನ್ನು, ಆಧರಿಸಿತ್ತು. ನೋಟಕನು ಜೇಬಿಗೆ ಕೈಹಾಕಬೇಕಾಗಿರಲಿಲ್ಲ. ಮತವೊಂದನ್ನು ಒತ್ತಿದರೆ ಹೊಸದಾಗಿ ಸೃಷ್ಟಿಯಾಗುವ ನಾಣ್ಯದಲ್ಲಿ ನಿರ್ಮಾಪಕನಿಗೆ ಏಳು ದಿನಗಳ ತರುವಾಯ ಪಾಲು ದೊರೆಯುತ್ತಿತ್ತು. ಕೇಳಲು ಸೊಗಸಾದ ಏರ್ಪಾಡು. ಆದರೆ ಮತದ ತೂಕ ಮತದಾರನು ಕೂಡಿಟ್ಟ ನಾಣ್ಯದ ಮೊತ್ತವನ್ನು ಅನುಸರಿಸಿತ್ತು. ನೂರು ಸಾಮಾನ್ಯರ ಮೆಚ್ಚುಗೆಗಿಂತ ಒಬ್ಬ ದೊಡ್ಡ ಹಿಡುವಳಿದಾರನ ಬೆರಳು ಭಾರವಾಯಿತು. ಮತವನ್ನು ಬಾಡಿಗೆಗೆ ಕೊಡುವ ಯಂತ್ರಗಳೂ ಹುಟ್ಟಿಕೊಂಡವು. ನಿರ್ಮಾಪಕನೇ ಹಣ ತೆತ್ತು ತನ್ನ ಕೃತಿಗೆ ಮತ ಕೊಳ್ಳುವಂತಾಯಿತು. ಏಳು ದಿನ ಕಳೆದ ಮೇಲೆ ಬಿದ್ದ ಮತಕ್ಕಂತೂ ಬೆಲೆಯೇ ಇಲ್ಲ. ಒಳ್ಳೆಯ ಪಾಠವೊಂದನ್ನು ವರ್ಷದ ಬಳಿಕ ಹುಡುಕಿಕೊಂಡು ಬಂದವನ ಮತದಿಂದ ಗುರುವಿಗೆ ಕಾಸೂ ಸಲ್ಲದು. ಷೇರಿಗೊಂದು ಮತವೆಂಬುದು ಕಂಪನಿಯ ಸಭೆಗೆ ಒಪ್ಪುವ ನ್ಯಾಯ, ರಸಿಕರ ಸಭೆಗಲ್ಲ.

ಎಲ್‌ಬಿಆರ್‌ವೈ ಸಂಸ್ಥೆಯ ಜಾಲವೂ 2020ರಲ್ಲಿ ಅದರ ಮೇಲೆ ಎದ್ದ ಒಡಿಸೀ ತಾಣವೂ ನೋಟಕನು ತನ್ನ ಸ್ವಂತ ನಾಣ್ಯವನ್ನು ಕಾಣಿಕೆ ಕೊಡುವ ಕ್ರಮವನ್ನು ತಂದವು. ಆದರೆ ನಾಣ್ಯವನ್ನು ಪಡೆಯುವುದೇ ಪ್ರಯಾಸ. 1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟನೇ ಮನೆಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಒಯ್ಯುತ್ತಿದ್ದನು. ಇಲ್ಲಿ ಎರಡಾಣೆ ಕೊಡಬಯಸಿದವನೇ ವಿನಿಮಯ ಕೇಂದ್ರದಲ್ಲಿ ಖಾತೆ ತೆರೆದು, ಗುರುತು ಒಪ್ಪಿಸಿ, ದಿನದಿನವೂ ಏರಿಳಿಯುವ ಬೆಲೆಗೆ ತಲೆಯೊಡ್ಡಬೇಕು. ಭಾರತದಲ್ಲಿ 2022ರ ಏಪ್ರಿಲಿನಿಂದ ಇಂಥ ಆಸ್ತಿಯ ವರ್ಗಾವಣೆಯ ಲಾಭಕ್ಕೆ ಶೇ. 30 ತೆರಿಗೆಯೂ ಸೇರಿತು. ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗವು 2021ರಲ್ಲಿ ಹೂಡಿದ ದಾವೆಯಲ್ಲಿ, ನೋಂದಣಿಯಿಲ್ಲದೆ ನಾಣ್ಯ ಮಾರಿದ್ದು ಕಾನೂನಿಗೆ ವಿರುದ್ಧವೆಂದು 2022ರ ನವೆಂಬರಿನಲ್ಲಿ ತೀರ್ಪಾಯಿತು. ಮರುವರ್ಷ ಸಂಸ್ಥೆಯು ತಾನು ಮುಚ್ಚುವುದಾಗಿ ಸಾರಿತು. ಒಡಿಸೀ ಮಾತ್ರ ಉಳಿದುಕೊಂಡಿತು.

ಫ್ರಾನ್ಸಿನ ಫ್ರಾಮಾಸಾಫ್ಟ್ ಎಂಬ ಲಾಭರಹಿತ ಸಂಘದ ಪೀರ್‌ಟ್ಯೂಬ್ ನಾಣ್ಯದ ಗೊಡವೆಗೇ ಹೋಗಲಿಲ್ಲ. ಇದರಲ್ಲಿ ಸ್ವತಂತ್ರ ಸರ್ವರುಗಳು ಪರಸ್ಪರ ಬೆಸೆದುಕೊಂಡಿರುತ್ತವೆ. ಒಂದೇ ವಿಡಿಯೊವನ್ನು ನೋಡುತ್ತಿರುವವರ ಗಣಕಗಳು ತಮ್ಮತಮ್ಮೊಳಗೆ ಅದರ ತುಣುಕುಗಳನ್ನು ಹಂಚಿಕೊಳ್ಳಬಲ್ಲವು. ಇದೂ ನೋಟಕನ ನೆರವೇ, ಅವನು ಅರಿಯದೆ ಕೊಟ್ಟದ್ದು. ಆದರೆ ಇದರಿಂದ ಹಗುರವಾಗುವುದು ಸರ್ವರಿನ ಹೊರೆ, ನಿರ್ಮಾಪಕನ ಸಂಸಾರದ್ದಲ್ಲ. ಅವನಿಗೆ ಇರುವುದು ‘ಬೆಂಬಲಿಸಿ’ ಎಂಬ ಗುಂಡಿ. ಅದನ್ನು ಒತ್ತಿದರೆ ಅವನು ಬರೆದಿಟ್ಟ ನಾಲ್ಕು ಸಾಲು ಕಾಣಿಸುತ್ತದೆ. ಹಣ ಕೊಡಲು ವೇದಿಕೆಯ ಹೊರಗೆ ಹೋಗಬೇಕು. ಒಬ್ಬೊಬ್ಬ ನಿರ್ಮಾಪಕನಿಗೆ ಒಂದೊಂದು ಬಾಗಿಲು. ಹೀಗಿದ್ದೂ, ಮೊದಲ ಪೂರ್ಣ ಆವೃತ್ತಿಗಾಗಿ ಇದೇ ಸಂಘವು 2018ರಲ್ಲಿ ಸಾರ್ವಜನಿಕರ ಮುಂದೆ ಕೈಚಾಚಿದಾಗ 53 ಸಾವಿರ ಯೂರೋಗಳಷ್ಟು ಕೂಡಿತು. ಆ ಮನವಿಯಲ್ಲಿ ಮೊತ್ತವೂ ಕೆಲಸವೂ ಗಡುವೂ ಗೊತ್ತುಪಡಿಸಲ್ಪಟ್ಟಿದ್ದವು.

ಭಾರತದಲ್ಲಿ 2016ರಲ್ಲಿ ಬಂದ ಯುಪಿಐ ಚಿಲ್ಲರೆ ಹಣದ ರವಾನೆಯನ್ನು ಸುಲಭಗೊಳಿಸಿದೆ. ಪೀರ್‌ಟ್ಯೂಬಿನ ಆ ನಾಲ್ಕು ಸಾಲುಗಳಲ್ಲಿ ಕನ್ನಡದ ನಿರ್ಮಾಪಕನು ತನ್ನ ಯುಪಿಐ ವಿಳಾಸವನ್ನು ಬರೆಯಲು ಯಾವ ಅಡ್ಡಿಯೂ ಇಲ್ಲ. ಅದರ ಕೆಳಗೆ, ಯಾವ ಕೆಲಸಕ್ಕೆ ಎಷ್ಟು ಬೇಕು, ಇದುವರೆಗೆ ಎಷ್ಟು ಬಂದಿದೆ ಎಂಬ ಲೆಕ್ಕಕ್ಕೂ ಸ್ಥಳವಿದೆ.